ಎಡಗೈಗೆ ಸಾಣೆ ಹಿಡಿದ ಮಚ್ಚು

ಬಂಡಳ್ಳಿ
3 ಮಾರ್ಚ್ 2025

ತಂಗಿ ಗೋವಿಂದಮ್ಮನಿಗೆ ಅಣ್ಣ ಮಾದಸ್ವಾಮಿ ಬರೆಯುವುದು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಲ್ಲಿ ಚೆನ್ನಾಗಿದ್ದೀರಾ ಎಂದು ಈ ಸಲ ಬಾಯಿಮಾತಿಗೆ ಕೇಳುತ್ತಿಲ್ಲ, ನಿಜವಾಗಿಯೇ ಕೇಳುತ್ತಿದ್ದೇನೆ. ಫೋನ್ ಇರುವಾಗ ಈ ಮುದುಕನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಅಂದುಕೊಳ್ಳಬೇಡ. ಫೋನಿನಲ್ಲಿ ಆಡಿದ್ದೆಲ್ಲ ಎಲ್ಲೋ ಒಂದು ಕಡೆ ಉಳಿದಿರುತ್ತದಂತೆ, ಬೇಕಾದಾಗ ಪೊಲೀಸರು ತೆಗೆದು ಕೇಳುತ್ತಾರಂತೆ. ಆದ್ದರಿಂದ ಕಾಗದ. ಲಕೋಟೆ ಅಂಟಿಸುವಾಗ ಮಡಿಕೆಯೊಳಗೆ ನನ್ನ ತಲೆಯ ಒಂದು ಬಿಳಿ ಕೂದಲು ಇಟ್ಟಿದ್ದೇನೆ. ನೀನು ಒಡೆದಾಗ ಅದು ಇಲ್ಲದಿದ್ದರೆ ನಮ್ಮ ಪೋಸ್ಟ್‌ಮನ್ ಮಂಟೇಸ್ವಾಮಿ ಓದಿದ್ದಾನೆ ಎಂದು ತಿಳಿ. ಅವನ ಮೇಲೆ ನನಗೆ ಮೊದಲಿಂದಲೂ ಅನುಮಾನ.

ವಿಷಯಕ್ಕೆ ಬರುತ್ತೇನೆ. ಶನಿವಾರ ಸಂಜೆ ಟೀ ಅಂಗಡಿಯ ಟಿವಿಯಲ್ಲಿ ನಿಮ್ಮ ಬೆಂಗಳೂರಿನದೇ ಗಲಾಟೆ. ನಡುರಸ್ತೆಯಲ್ಲಿ ಮಚ್ಚು ಬೀಸುವವರು ಹೆಚ್ಚಾಗಿದ್ದಾರೆ, ಯಾಕೆ ಹೆಚ್ಚಾದರು ಎಂದು ನಾಲ್ಕು ಜನ ಕೂತು ಒಬ್ಬರ ಮಾತು ಒಬ್ಬರಿಗೆ ಕೇಳದ ಹಾಗೆ ಕೂಗುತ್ತಿದ್ದರು. ಒಬ್ಬರು ನಿವೃತ್ತ ಅಧಿಕಾರಿ, ಕಾಲಿಗೆ ಗುಂಡು ಹಾಕಿ ಅಂದರು. ಒಬ್ಬ ಹೆಣ್ಣುಮಗಳು, ಹುಡುಗರಿಗೆ ಕೆಲಸ ಕೊಡಿ, ಮಚ್ಚು ತಾನಾಗಿ ಕೈಬಿಡುತ್ತೆ ಅಂದಳು. ಇನ್ನೊಬ್ಬ ಹಳ್ಳಿಹಳ್ಳಿಯ ಕುಲುಮೆಗೆ ಬೀಗ ಜಡಿಯಿರಿ ಅಂದ. ಬಾಳೆತೋಟದ ಪುಟ್ಟಮಾದಪ್ಪನವರು ನನ್ನ ಪಕ್ಕದಲ್ಲೇ ಕೂತಿದ್ದರು. "ಸರ್ಯಾಗಿ ಏಳ್ದ ಕಣ್ರಿ ಅವ್ನು, ಮಚ್ಚು ತಟ್ಟೋರ ಕೈ ಮುರುದ್ರೆ ಎಲ್ಲಾ ಸರಿಯೋಯ್ತದೆ" ಅಂದರು. ಅವರ ಕಂಕುಳಲ್ಲಿದ್ದದ್ದು ನಾನೇ ತಟ್ಟಿದ ಮಚ್ಚು, ಸಾಣೆ ಹಿಡಿಸಲು ತಂದಿದ್ದರು. ನಾನು ನಕ್ಕೆ.

ಆಮೇಲೆ ನಗು ಹೋಯಿತು. ಪೊಲೀಸರು ವಶಪಡಿಸಿಕೊಂಡ ಮಚ್ಚು, ಲಾಂಗುಗಳನ್ನೆಲ್ಲ ಉದ್ದನೆಯ ಮೇಜಿನ ಮೇಲೆ ಸಾಲಾಗಿ ಜೋಡಿಸಿ ತೋರಿಸಿದರು. ಎಡದಿಂದ ನಾಲ್ಕನೆಯದು ನನ್ನ ಕೈಯದು. ಅಲಗಿನ ಬುಡದಲ್ಲಿ ಉಳಿಯಿಂದ ಹೊಡೆದ ಮೂರು ಗೀರು. ಹಿಡಿಯ ಬುಡಕ್ಕೆ ಏಳು ಸುತ್ತು ತಾಮ್ರದ ತಂತಿ, ಕೊನೆ ಒಳಗೆ ಮಡಿಚಿದ್ದು, ಅಪ್ಪ ಕಲಿಸಿದ ಕಟ್ಟು. ಅಷ್ಟೇ ಆಗಿದ್ದರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ನನ್ನ ಮಚ್ಚು ಹನೂರು, ಕೊಳ್ಳೇಗಾಲದ ಕಡೆ ಎಲ್ಲರ ಮನೆಯಲ್ಲೂ ಇವೆ. ಆದರೆ ಎಳನೀರು ಕೆತ್ತುವ ಮಚ್ಚಿಗೆ ಒಂದೇ ಮಗ್ಗುಲಿಗೆ ಸಾಣೆ ಹಿಡಿಯುತ್ತೇವೆ. ಬಲಗೈಯವರಿಗೆ ಒಂದು ಮಗ್ಗುಲು, ಎಡಗೈಯವರಿಗೆ ಇನ್ನೊಂದು. ನಲವತ್ತು ವರ್ಷದಲ್ಲಿ ನಾನು ಎಡಗೈಗೆ ಸಾಣೆ ಹಿಡಿದ ಮಚ್ಚು ಒಂದೇ ಒಂದು. ಯಾರದೆಂದು ನಿನಗೆ ಹೇಳಬೇಕಾಗಿಲ್ಲ.

ನಿನ್ನ ಗಂಡ ತೀರಿಕೊಂಡ ವರ್ಷ. ಊರಿಗೆ ಬಂದುಬಿಡು ಅಂದರೆ, ಇಲ್ಲ, ಬೆಂಗಳೂರಲ್ಲೇ ಎಳನೀರು ಗಾಡಿ ಇಡುತ್ತೇನೆ ಅಂದೆ. ನಿನ್ನ ಹಟಕ್ಕೆ ಬೈದುಕೊಂಡೇ ತಟ್ಟಿಕೊಟ್ಟೆ. ಕುಲುಮೆಯ ಮುಂದೆ ನೆಲದ ಮೇಲಿಟ್ಟು ಅಲಗನ್ನು ನನ್ನ ಕಡೆಗೆ ತಿರುಗಿಸಿದೆ, ನೀನು ಬಗ್ಗಿ ಎತ್ತಿಕೊಂಡೆ. ಆಯುಧ ಕೈಯಿಂದ ಕೈಗೆ ಹೋಗಬಾರದು, ಅದರಿಂದ ಕೇಡಾದರೆ ಮೊದಲು ತಟ್ಟಿದವನಿಗೇ ಆಗಲಿ ಎಂದು ಅಪ್ಪ ಹಾಗೆ ಮಾಡುತ್ತಿದ್ದರು. ಮೇಜಿನ ಮೇಲಿದ್ದ ಉಳಿದವು ಯಾರ್ಯಾರವೋ, ಅವುಗಳ ಸುದ್ದಿ ನನಗೆ ಬೇಡ.

ಈಗ ನಿಜ ಹೇಳು. ನಿನ್ನ ಮಚ್ಚು ಎಲ್ಲಿದೆ? ಮೂರ್ತಿ ಎಲ್ಲಿದ್ದಾನೆ? ಹೆತ್ತವರಿಗೆ ಹೆಗ್ಗಣ ಮುದ್ದು, ನಿನ್ನ ಮಗನ ಬಗ್ಗೆ ನೀನು ಒಳ್ಳೆಯದನ್ನೇ ಹೇಳುತ್ತೀಯ. ಶಿವರಾತ್ರಿಗೆ ಬಂದವನು ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, "ಮಾವ, ನಂಗೊಂದು ಮಚ್ಚು ಬೇಕಾಗಿತ್ತು, ಅವ್ವಂಗೆ ಗೊತ್ತಾಗ್ಬಾರ್ದು" ಅಂದ. ಯಾಕ್ಲಾ ಅಂದರೆ ನೆಲ ನೋಡಿದ. ಗೂಡ್ಸ್ ಆಟೋ ಓಡಿಸುವವನಿಗೆ ಕದ್ದುಮುಚ್ಚಿ ಮಚ್ಚು ಯಾಕೆ? ನಾನು ಕೊಡಲಿಲ್ಲ.

ಉತ್ತರ ಲಕೋಟೆಯಲ್ಲೇ ಬರೆ. ಕಾರ್ಡಿನಲ್ಲಿ ಬೇಡ.

ಮಾದಸ್ವಾಮಿ


ಬೆಂಗಳೂರು
10 ಮಾರ್ಚ್ 2025

ಅಣ್ಣಯ್ಯನಿಗೆ, ಅತ್ತಿಗೆಗೆ ಗೋವಿಂದಿಯ ನಮಸ್ಕಾರ.

ಕೂದಲು ಇತ್ತು. ಪಾಪ, ಮಂಟೇಸ್ವಾಮಿಯನ್ನು ಬೈದುಕೊಂಡದ್ದಕ್ಕೆ ಒಂದು ಲೋಟ ಟೀ ಕುಡಿಸು.

ನಿನ್ನ ಕಾಗದ ಓದಿ ನಗು ಬಂತು. ಟಿವಿಯವರು ತೋರಿಸಿದ್ದನ್ನು ನಂಬಿ ಕೂತಿದ್ದೀಯಲ್ಲ. ಅಷ್ಟು ದೂರದಿಂದ ನೋಡಿದರೆ ಎಲ್ಲ ಮಚ್ಚೂ ಒಂದೇ ಥರ. ನನ್ನದು ನನ್ನ ಗಾಡಿಯಲ್ಲೇ ಇದೆ, ಇವತ್ತೂ ಅದರಲ್ಲೇ ಕೆತ್ತಿದೆ. ಮೂರ್ತಿ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ ಸಂಜೆ ಬರುತ್ತಾನೆ. ಅವನ ಮೇಲೆ ಅನುಮಾನ ಪಡಬೇಡ. ಅವನು ಇರುವೆಗೂ ದಾರಿ ಬಿಟ್ಟು ನಡೆಯುವ ಜಾತಿ.

ಇಲ್ಲೂ ಎಲ್ಲರ ಬಾಯಲ್ಲೂ ಅದೇ ಮಾತು. ನಮ್ಮ ರಸ್ತೆಯ ನಿವಾಸಿಗಳ ಸಂಘದವರು ಪಾರ್ಕಿನಲ್ಲಿ ಸಭೆ ಮಾಡಿದರು. ಒಬ್ಬರು ಕ್ಯಾಮೆರಾ ಸಾಲದು ಅಂದರು, ಒಬ್ಬರು ಹೊರಗಿನಿಂದ ಬಂದವರು ಜಾಸ್ತಿಯಾದರು ಅಂದರು. ಹೊರಗಿನವರು ಅಂದರೆ ಯಾರೋ ಗೊತ್ತಾಗಲಿಲ್ಲ, ಅಂದವರ ಮನೆ ಮಾತು ಕನ್ನಡವೂ ಅಲ್ಲ. ಕೊನೆಗೆ ಎಲ್ಲರೂ ಸೇರಿ ಎಳನೀರಿನವರು ಮಚ್ಚು ಇಟ್ಟುಕೊಳ್ಳಬಾರದು, ತೂತು ಕೊರೆಯುವ ಮಿಷನ್ ಇಟ್ಟುಕೊಳ್ಳಬೇಕು ಎಂದು ತೀರ್ಮಾನಿಸಿದರು. ಅಷ್ಟರಲ್ಲಿ ಬಾಯಾರಿಕೆಯಾಗಿ ನನ್ನ ಗಾಡಿಗೇ ಬಂದರು.

ನನ್ನ ಫೋನ್ ಕೆಟ್ಟಿದೆ, ಮಾಡಬೇಡ. ಹೇಗೂ ನಿನಗೂ ಕಾಗದವೇ ಇಷ್ಟವಲ್ಲ.

ಇನ್ನೊಂದು ಮಾತು. ಸಾಧ್ಯವಾದರೆ ಅಂಥದೇ ಇನ್ನೊಂದು ಮಚ್ಚು ತಟ್ಟಿ ಎಳನೀರು ಲಾರಿಯವರ ಕೈಲಿ ಕಳಿಸು. ಎರಡಿದ್ದರೆ ಅನುಕೂಲ. ಬೇಗ ಕಳಿಸಿದರೆ ಒಳ್ಳೆಯದು.

ನಿನ್ನ ತಂಗಿ
ಗೋವಿಂದಿ


ಬಂಡಳ್ಳಿ
17 ಮಾರ್ಚ್ 2025

ಗೋವಿಂದಿ,

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಿಜ, ಅಷ್ಟು ದಡ್ಡನಲ್ಲ. ಮಚ್ಚು ಗಾಡಿಯಲ್ಲೇ ಇದ್ದರೆ ಅಂಥದೇ ಇನ್ನೊಂದು ಯಾಕೆ? ಅದೂ ಬೇಗ ಯಾಕೆ? ಹತ್ತು ವರ್ಷ ಒಂದರಲ್ಲೇ ಬದುಕಿದವಳಿಗೆ ಈಗ ಎರಡು ಬೇಕಾಯಿತೇ? ಮಗ ಕೇಳಿದರೆ ಕೊಡಲಿಲ್ಲ ಎಂದು ತಾಯಿ ಕೈಲಿ ಕೇಳಿಸಿದ್ದಾನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿದೆ ನಿನ್ನ ಕಾಗದ.

ಇನ್ನು ನನ್ನ ಹತ್ತಿರ ನಾಟಕ ಬೇಡ. ಶುಕ್ರವಾರ ಬೆಂಗಳೂರಿನಿಂದ ಇಬ್ಬರು ಬಂದಿದ್ದರು, ಮಫ್ತಿಯಲ್ಲಿ. ಕುಲುಮೆಯ ಮುಂದೆ ಜೀಪು ನಿಲ್ಲಿಸಿ, "ಮಾದಸ್ವಾಮಿ ಆಚಾರಿ ಅಂದ್ರೆ ನೀವೇನಾ?" ಅಂದರು. ಫೋನಿನಲ್ಲಿ ಒಂದು ಮಚ್ಚಿನ ಫೋಟೋ ತೋರಿಸಿದರು, ಯಾರ ಕೈಯಿಂದ ಸಿಕ್ಕಿತೆಂದು ಹೇಳಲಿಲ್ಲ. ಮೂರು ಗೀರು, ತಾಮ್ರದ ತಂತಿ, ಎಡಗೈ ಸಾಣೆ. ನಿಮ್ಮ ಅತ್ತಿಗೆ ಒಳಗಿಂದ ಬಾಗಿಲ ಸಂದಿಯಲ್ಲಿ ನೋಡುತ್ತಿದ್ದಳು.

"ಇದು ನೀವ್ ಮಾಡಿದ್ದಾ?" ಅಂದರು.

"ಇಲ್ಲ ಸಾ" ಅಂದೆ.

"ಮೂರು ಗೀರು ನಿಮ್ಮ ಗುರುತಂತಲ್ಲ?"

"ಗುರ್ತ ಯಾರ್ ಬೇಕಾದ್ರೂ ಒಡೀಬೌದು ಸಾ. ನಾನು ಎಡಗೈಗೆ ಸಾಣೆ ಇಡಿಯೋನೇ ಅಲ್ಲ. ಬೇಕಾದ್ರೆ ಈ ಊರೆಲ್ಲಾ ಕೇಳ್ಕಂಡ್ ಬನ್ನಿ."

ಅಷ್ಟು ಹೇಳಿ ಕಬ್ಬಿಣ ತಟ್ಟುವ ಅಡಿಗಲ್ಲಿನ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಅವರು ಬರೆದುಕೊಂಡರು, ಓದಿ ಹೇಳಿದರು, ಸಹಿ ಹಾಕಿದೆ. ಅವರಲ್ಲಿ ಚಿಕ್ಕವನು ನನ್ನ ಮುಖವನ್ನೇ ನೋಡುತ್ತಿದ್ದ. ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಜೀಪು ಹೋದ ಮೇಲೆ ಪುಟ್ಟಮಾದಪ್ಪನವರು ಬಂದು, "ಯಾಕ್ ಬಂದಿದ್ರು ಆಚಾರ್ರೇ?" ಅಂದರು. ದಾರಿ ಕೇಳೋಕೆ ಅಂದೆ. ಅವರೂ ನಂಬಲಿಲ್ಲ. ಸಂಜೆಯ ಹೊತ್ತಿಗೆ ಟೀ ಅಂಗಡಿಯಲ್ಲಿ ನಾನು ಬಂದ ಕೂಡಲೇ ಮಾತು ನಿಲ್ಲುವಂತಾಗಿದೆ.

ಇಷ್ಟೆಲ್ಲ ನಿನ್ನ ಮಗನಿಗಾಗಿ. ಅಡಿಗಲ್ಲಿನ ಮೇಲೆ ಸುಳ್ಳು ಆಣೆ ಮಾಡಿದ್ದು ನಮ್ಮ ವಂಶದಲ್ಲಿ ನಾನೇ ಮೊದಲು. ಮೂರ್ತಿಗೆ ಹೇಳು, ಮಾವ ಒಂದು ಸಲ ಉಳಿಸಿದ್ದಾನೆ, ಇನ್ನೊಂದು ಸಲ ಆಗುವುದಿಲ್ಲ ಅಂತ. ಹೊಸ ಮಚ್ಚು ಕೊಡುವುದಿಲ್ಲ.

ಮಾದಸ್ವಾಮಿ


ಬೆಂಗಳೂರು
4 ಏಪ್ರಿಲ್ 2025

ಅಣ್ಣನಿಗೆ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಕೂತು ಬರೆಯಲು ಕೈ ಬರಲಿಲ್ಲ. ಸಿಟ್ಟು ಸ್ವಲ್ಪ ಇಳಿಯಲಿ ಎಂದು ಕಾದೆ, ಇಳಿದಿಲ್ಲ, ಹಾಗೇ ಬರೆಯುತ್ತಿದ್ದೇನೆ.

ಮಚ್ಚು ಹಿಡಿದದ್ದು ಮೂರ್ತಿಯಲ್ಲ. ನಾನು.

ಫೆಬ್ರವರಿ ಇಪ್ಪತ್ತನೇ ತಾರೀಕು, ಸಂಜೆ ಐದೂವರೆ. ಇನ್ನೂ ಬಿಸಿಲಿತ್ತು. ದಿನಾ ಬರುವ ಒಬ್ಬ ಟೀಚರಮ್ಮ ಎಳನೀರು ಕುಡಿಯುತ್ತ ನಿಂತಿದ್ದರು. ಎರಡು ಬೈಕಿನಲ್ಲಿ ನಾಲ್ಕು ಜನ ಬಂದರು. ಇಬ್ಬರು ಇಳಿದು ಬೆನ್ನ ಹಿಂದಿನಿಂದ ಲಾಂಗು ತೆಗೆದರು, ಬ್ಯಾಗು ಕೊಡು, ಸರ ಬಿಚ್ಚು ಅಂದರು. ಟೀಚರಮ್ಮ ಸರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡುಬಿಟ್ಟರು. ಅವನು ಲಾಂಗು ಎತ್ತಿದ. ರಸ್ತೆಯಲ್ಲಿ ಅಷ್ಟು ಜನ ಇದ್ದರು ಅಣ್ಣ, ಒಬ್ಬರೂ ಮುಂದೆ ಬರಲಿಲ್ಲ, ಫೋನು ಮಾತ್ರ ಮೇಲೆತ್ತಿದರು. ನನ್ನ ಕೈಯಲ್ಲಿ ಮಚ್ಚಿತ್ತು. ಬೀಸಿದೆ. ಅವನ ಮುಂಗೈಗೆ ಬಿತ್ತು. ಇಬ್ಬರು ಓಡಿದರು, ಇಬ್ಬರು ಸಿಕ್ಕಿದರು.

ಅವರು ತೆಗೆದು ಹರಡಿದ ವಿಡಿಯೋದಲ್ಲಿ ಹನ್ನೊಂದು ಸೆಕೆಂಡು ಇದೆ. ಮೊದಲಿನದೂ ಇಲ್ಲ, ಆಮೇಲಿನದೂ ಇಲ್ಲ. ಸೆರಗು ಸಿಕ್ಕಿಸಿಕೊಂಡ ಹೆಂಗಸೊಬ್ಬಳು ಹುಡುಗನ ಕೈಗೆ ಮಚ್ಚು ಬೀಸುವುದು ಮಾತ್ರ ಇದೆ. ನೀನು ಟೀ ಕುಡಿಯುತ್ತ ನೋಡಿದ ಚರ್ಚೆ ಅದರ ಮೇಲೆಯೇ ಶುರುವಾದದ್ದು, ನೀನು ಬರುವ ಮೊದಲೇ ಅದನ್ನು ತೋರಿಸಿ ಮುಗಿಸಿರಬೇಕು. ಟೀಚರಮ್ಮ ಅವತ್ತು ಆಟೋ ಹತ್ತಿ ಹೋದವರು ಮತ್ತೆ ಆ ರಸ್ತೆಗೇ ಬಂದಿಲ್ಲ. ಸಿಕ್ಕಿಬಿದ್ದವರು, ಎಳನೀರು ಕುಡಿಯಲು ಬಂದಿದ್ದೆವು, ಚಿಲ್ಲರೆ ವಿಷಯಕ್ಕೆ ಅವಳೇ ಜಗಳ ತೆಗೆದಳು ಅಂದರು. ನನ್ನ ಮೇಲೂ ಕೇಸಾಯಿತು. ಮೂರು ದಿನ ಒಳಗಿದ್ದು ಜಾಮೀನಿನ ಮೇಲೆ ಬಂದೆ. ಫೋನ್ ಕೆಟ್ಟಿಲ್ಲ, ಅವರ ಹತ್ತಿರ ಇದೆ.

ನಿನಗೆ ಯಾಕೆ ಹೇಳಲಿಲ್ಲ ಗೊತ್ತಾ? ಹೇಳಿದರೆ ನೀನು ಮೊದಲ ಬಸ್ಸಿಗೆ ಬಂದು, ಅವತ್ತೇ ಏಳ್ದೆ, ಕೇಳ್ದ್ಯಾ ಅಂತ ನನ್ನನ್ನು ಎಳೆದುಕೊಂಡು ಹೋಗುತ್ತಿದ್ದೆ. ಗಂಡ ಸತ್ತಾಗಲೂ ಬಗ್ಗಿಸದ ತಲೆ, ಈಗ ಸ್ಟೇಷನ್ ನೋಡಿ ಬಂದ ಮೇಲೆ ಬಗ್ಗಿಸುವುದಕ್ಕೆ ಇಷ್ಟವಿರಲಿಲ್ಲ. ಮಾವನಿಗೆ ಹೇಳಬೇಡ ಎಂದು ಮೂರ್ತಿಯಿಂದ ಭಾಷೆ ತೆಗೆದುಕೊಂಡಿದ್ದೆ. ಅವನು ಕದ್ದು ಮಚ್ಚು ಕೇಳಿದ್ದು ಖಾಲಿ ಕೈಯಲ್ಲಿ ಕೂತ ತಾಯಿಗೋಸ್ಕರ. ಅವನನ್ನು ನೀನು ರೌಡಿ ಮಾಡಿದೆ.

ಈಗ ಮುಖ್ಯವಾದದ್ದು ಕೇಳು. ನನ್ನ ಲಾಯರು ಭವ್ಯಶ್ರೀ, ಧನಗೆರೆಯ ಹುಡುಗಿ, ನಮ್ಮ ಕಡೆಯವಳೆಂದು ಕೇಸು ಹಿಡಿದಿದ್ದಾಳೆ. ಅವಳು ಹೇಳುವುದು ಇಷ್ಟು. ಅದು ಹೊಟ್ಟೆಪಾಡಿನ ಮಚ್ಚು ಎಂದಾದರೆ, ಕೆಲಸ ಮಾಡುತ್ತಿದ್ದವಳು ಕೈಯಲ್ಲಿದ್ದದ್ದನ್ನು ಬೀಸಿದಳು ಎಂದಾಗುತ್ತೆ. ಹೊಡೆಯುವುದಕ್ಕೆಂದೇ ಮಾಡಿಸಿ ಇಟ್ಟುಕೊಂಡದ್ದು ಎಂದಾದರೆ ಜೈಲು. ಪೊಲೀಸರು ಅಕ್ಕಪಕ್ಕದ ಎಳನೀರಿನವರ ಮಚ್ಚುಗಳನ್ನೆಲ್ಲ ನೋಡಿದ್ದಾರೆ. ಎಲ್ಲದರ ಸಾಣೆ ಒಂದು ಕಡೆ, ನನ್ನದು ಮಾತ್ರ ಇನ್ನೊಂದು ಕಡೆ. "ಇದು ಎಳನೀರು ಮಚ್ಚಲ್ಲಮ್ಮ, ಬೇಕಂತ್ಲೇ ಸ್ಪೆಷಲ್ಲಾಗಿ ಮಾಡ್ಸಿರೋದು" ಅಂದರು. ನಾನು ಎಡಚಿ ಸಾ, ನಮ್ಮಣ್ಣ ನನ್ನ ಕೈಗೆ ಅಂತ ತಟ್ಟಿಕೊಟ್ಟದ್ದು, ಬಂಡಳ್ಳಿಗೆ ಹೋಗಿ ಕೇಳಿ ಅಂದೆ.

ಅವರನ್ನು ನಿನ್ನ ಹತ್ತಿರ ಕಳಿಸಿದ್ದು ನಾನೇ ಅಣ್ಣ. ಪ್ರಪಂಚದಲ್ಲಿ ಯಾರು ಇಲ್ಲ ಅಂದರೂ ನಮ್ಮಣ್ಣ ಹೌದು ಅಂತಾನೆ ಎಂದು ಕಳಿಸಿದೆ. ಅವರು ನಿನ್ನ ಸಹಿ ಹಾಕಿಸಿಕೊಂಡು ವಾಪಸು ಬಂದರು. ನನ್ನ ಮುಂದೆ ಓದಿದರು. ನಾನು ಎಡಗೈಗೆ ಸಾಣೆ ಹಿಡಿಯುವವನೇ ಅಲ್ಲ ಅಂತ ಇತ್ತು. ಆ ದಿನ ನನಗಾದದ್ದನ್ನು ಬರೆಯುವುದಿಲ್ಲ.

ಏಪ್ರಿಲ್ ಇಪ್ಪತ್ತೊಂಬತ್ತಕ್ಕೆ ವಾಯಿದೆ ಇದೆ. ನೀನು ಬಂದು ನಿಜ ಹೇಳಿದರೆ ಉಳಿಯುತ್ತೇನೆ. ಬರುತ್ತೀಯಾ?

ಗೋವಿಂದಮ್ಮ


ಬಂಡಳ್ಳಿ
9 ಏಪ್ರಿಲ್ 2025

ತಂಗಿ,

ನಿನ್ನ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ನೀನು ಮಾಡಿದ್ದು ಸರಿ. ಮೂರ್ತಿಯ ಮೇಲೆ ಅನುಮಾನ ಪಟ್ಟದ್ದು ತಪ್ಪು, ಅವನಿಗೆ ನಾನು ಅಂದೆನೆಂದು ಹೇಳು.

ಆದರೆ ಬರುವುದಕ್ಕೆ ನೂರೆಂಟು ತೊಡಕಿದೆ. ಸಹಿ ಹಾಕಿಕೊಟ್ಟಿದ್ದೇನೆ. ಈಗ ಬಂದು ಅದು ಸುಳ್ಳು ಅಂದರೆ ಸುಳ್ಳು ಹೇಳಿದ ಕೇಸು ನನ್ನ ಮೇಲೆ ಬೀಳುತ್ತೆ. ನನಗೆ ಅರವತ್ಮೂರು. ಕಣ್ಣು ಬೇರೆ ಮಂಜು. ಕೋರ್ಟಿನಲ್ಲಿ ಅದು ಇದು ಕೇಳುತ್ತಾರೆ, ಎಷ್ಟು ಮಚ್ಚು ತಟ್ಟಿದ್ದೀಯ, ಯಾರ್ಯಾರಿಗೆ ಕೊಟ್ಟಿದ್ದೀಯ ಅಂತ. ಅದಕ್ಕೆಲ್ಲ ಏನು ಹೇಳಲಿ?

ಒಂದು ದಾರಿ ಇದೆ. ಕೊಳ್ಳೇಗಾಲದ ಸಂತೆಯಲ್ಲಿ ಕೊಂಡದ್ದು, ಮಾರಿದವರು ಯಾರೆಂದು ಗೊತ್ತಿಲ್ಲ ಎಂದು ಹೇಳಿಬಿಡು. ಸಂತೆಯಲ್ಲಿ ಎಡಗೈ ಮಚ್ಚೂ ಸಿಗುತ್ತೆ ಎಂದು ನಿನ್ನ ಲಾಯರು ವಾದಿಸಲಿ. ಓದಿದವಳು, ಅಷ್ಟು ಮಾಡಲಾರಳೇ?

ಅಣ್ಣ


ಬೆಂಗಳೂರು
14 ಏಪ್ರಿಲ್ 2025

ಅಣ್ಣಯ್ಯ,

ನೀನು ಪೊಲೀಸರಿಗೆ ಹೆದರುವವನಲ್ಲ. ಬಿಳಿಗಿರಿರಂಗನ ಬೆಟ್ಟದ ಕಡೆ ಮರ ಕಡಿದವರ ಕೊಡಲಿ ನಿನ್ನದೇ ಅಂತ ಅರಣ್ಯ ಇಲಾಖೆಯವರು ಬಂದಾಗ, "ನಂದೇ ಸಾ, ಕೊಡ್ಲಿ ತಟ್ದೋನು ನಾನು, ಮರ ಕಡ್ದೋನ ನೀವ್ ಉಡೀಕಳಿ" ಎಂದು ಜೀಪಿನ ಮುಂದೆ ನಿಂತು ಜಗಳ ಮಾಡಿದವನು. ನಾನು ಆಗ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಅಂಥವನು ಈಗ ಕಣ್ಣು ಮಂಜು ಅನ್ನುತ್ತೀಯ. ಕಣ್ಣು ಮಂಜಾದವನಿಗೆ ಟಿವಿಯಲ್ಲಿ ಏಳು ಸುತ್ತು ತಂತಿ ಕಂಡಿತಲ್ಲ.

ಹೆಗಲು ಮುಟ್ಟಿ ನೋಡಿಕೊಂಡವಳು ನಾನು ಅಂದಿದ್ದೆ. ನಿನ್ನ ಮೂರೂ ಕಾಗದ ಮುಂದಿಟ್ಟುಕೊಂಡು ಓದಿದೆ. ಮೇಜಿನ ಮೇಲಿದ್ದ ಉಳಿದವು ಯಾರ್ಯಾರವೋ, ಅವುಗಳ ಸುದ್ದಿ ನನಗೆ ಬೇಡ ಎಂದು ಬರೆದಿದ್ದೀಯ. ನಾನು ಕೇಳಿಯೇ ಇರಲಿಲ್ಲ.

ನಾನೂ ಒಂದು ಮಾತು ಮುಚ್ಚಿಟ್ಟಿದ್ದೇನೆ. ಇಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದು ಸಾಕು. ಸ್ಟೇಷನ್ನಿನಲ್ಲಿ ನನ್ನ ಮಚ್ಚಿನ ಪಕ್ಕದಲ್ಲೇ ಆ ಹುಡುಗರ ಎರಡು ಲಾಂಗು ಇಟ್ಟಿದ್ದರು. ಗುರುತಿರಬೇಕಾದ ಜಾಗವನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿತ್ತು. ಹಿಡಿಯ ಬುಡದಲ್ಲಿ ತಾಮ್ರದ ತಂತಿ ಇತ್ತು. ಎಣಿಸಿದೆ. ಏಳು ಸುತ್ತು, ಕೊನೆ ಒಳಗೆ ಮಡಿಚಿತ್ತು. ಪೊಲೀಸರಿಗೆ ಅದು ಬರೀ ತಂತಿ. ಅಪ್ಪನ ಪಕ್ಕ ಕೂತು ತಂತಿ ಎಳೆದುಕೊಟ್ಟವಳು ನಾನು, ನನಗೆ ಗೊತ್ತಾಗದೇ ಇರುತ್ತದೆಯೇ?

ಟೀಚರಮ್ಮನ ಕತ್ತಿಗೆ ಎತ್ತಿದ್ದು ನೀನು ತಟ್ಟಿದ್ದು. ಅದಕ್ಕೆ ಅಡ್ಡ ಹೋದದ್ದೂ ನೀನು ತಟ್ಟಿದ್ದು. ಅವನು ನನ್ನ ಕಡೆಗೆ ತಿರುಗಿದ್ದರೆ ನಾನು ನಿನ್ನ ಕೈಕೆಲಸದಿಂದಲೇ ಸಾಯುತ್ತಿದ್ದೆ.

ಪೊಲೀಸರಿಗೆ ನಾನು ಇದನ್ನು ಹೇಳಿಲ್ಲ, ಹೇಳುವುದೂ ಇಲ್ಲ. ನಿನ್ನನ್ನು ಬಿಟ್ಟುಕೊಟ್ಟು ನಾನು ಉಳಿಯಬೇಕಾಗಿಲ್ಲ. ಸಂತೆಯಲ್ಲಿ ಕೊಂಡೆ ಎಂದೂ ಹೇಳುವುದಿಲ್ಲ. ಒಂದು ಮಾತ್ರ ನಿನ್ನ ಬಾಯಿಂದ ಕೇಳಬೇಕು. ಯಾರಿಗೆ ಮಾಡುತ್ತಿದ್ದೇನೆ ಎಂದು ನಿನಗೆ ಗೊತ್ತಿತ್ತಾ?

ಗೋವಿಂದಿ


ಬಂಡಳ್ಳಿ
26 ಏಪ್ರಿಲ್ 2025

ಗೋವಿಂದಿ,

ಗೊತ್ತಿತ್ತು.

ಎರಡು ವರ್ಷದ ಹಿಂದೆ, ದೀಪಾವಳಿಗೆ ಒಂದು ವಾರ ಇತ್ತು. ಕಾರಿನಲ್ಲಿ ಮೂವರು ಬಂದರು. ಬೆಂಗಳೂರಿನ ಮಾತು, ಮೈಯೆಲ್ಲ ಹಚ್ಚೆ. "ಕಬ್ಬು ಕಡಿಯೋಕೆ ಆರು ಲಾಂಗು ಬೇಕು ಆಚಾರ್ರೇ" ಅಂದರು. ತೋಳಿನಷ್ಟು ಉದ್ದ, ತುದಿ ಕೊಕ್ಕೆಯಾಗಿರಬೇಕು. ಅದರಲ್ಲಿ ಕಬ್ಬು ಕಡಿಯುವುದಿಲ್ಲ ಎಂದು ಕಬ್ಬಿನ ಗದ್ದೆ ನೋಡಿದ ಮಗುವಿಗೂ ಗೊತ್ತು. ನಾನು ತಿಳಿಯದವನಂತೆ ಇದ್ದುಬಿಟ್ಟೆ. ಅಂಗಡಿಯ ಮಚ್ಚು ಬಂದ ಮೇಲೆ ಕುಲುಮೆಗೆ ಯಾರೂ ಹೊಸ ಕೆಲಸ ತರುತ್ತಿರಲಿಲ್ಲ, ಬರೀ ಸಾಣೆ. ಅವರಲ್ಲಿ ಒಬ್ಬ, "ನಿಮ್ಮ ಹದ ಬೇರೆ ಯಾರ್ಗೂ ಬರಲ್ವಂತೆ, ಅದ್ಕೇ ಇಷ್ಟು ದೂರ ಬಂದ್ವಿ" ಅಂದ. ಎಷ್ಟೋ ವರ್ಷದಿಂದ ನನಗೆ ಯಾರೂ ಆ ಮಾತು ಹೇಳಿರಲಿಲ್ಲ. ಹೊಗಳಿಕೆಗೆ ಸೋತೆ ಕಣವ್ವ. ಹಸಿದಿದ್ದೆ ಅಂದರೆ ಸುಳ್ಳಾಗುತ್ತೆ.

ಅಭ್ಯಾಸಬಲದಿಂದ ಮೂರು ಗೀರು ಹೊಡೆದಿದ್ದೆ. ಗುರುತು ಬೇಡ ಅಂದರು. ಆರರ ಮೇಲೂ ನಾನೇ ಅರ ಹಿಡಿದು ಉಜ್ಜಿ ಅಳಿಸಿದೆ. ತಂತಿಯ ಕಟ್ಟು ಮಾತ್ರ ಅಪ್ಪನದು, ಅದು ಕೈಗೆ ತಾನಾಗಿ ಬಂದಿತ್ತು, ಬಿಚ್ಚಬೇಕೆಂದು ಹೊಳೆಯಲಿಲ್ಲ. ನೆಲದ ಮೇಲಿಟ್ಟು ಅಲಗು ತಿರುಗಿಸಿ ಕೊಡಲಿಲ್ಲ. ಗೋಣಿಚೀಲದಲ್ಲಿ ಸುತ್ತಿ ಕಾರಿನ ಡಿಕ್ಕಿಗೆ ಹಾಕಿಬಿಟ್ಟೆ. ಅಲಗು ಯಾರ ಕಡೆಗಿತ್ತೋ ನೋಡಲೂ ಇಲ್ಲ.

ಟಿವಿಯಲ್ಲಿ ಮೊದಲು ಕಂಡದ್ದು ಅವೇ. ನಿನ್ನದು ಆಮೇಲೆ ಕಂಡಿತು. ಪೊಲೀಸರು ಬಂದಾಗ ನಾನು ಇಲ್ಲ ಅಂದದ್ದು ಮೂರ್ತಿಯನ್ನು ಉಳಿಸಲು ಎಂದು ನಿನಗೆ ಬರೆದೆ, ನನಗೂ ಹಾಗೇ ಹೇಳಿಕೊಂಡೆ. ಒಂದು ನನ್ನದು ಅಂದರೆ ಉಳಿದವೂ ನನ್ನವು ಎಂದು ಹೊರಬರುತ್ತೆ, ಅದಕ್ಕೇ ಇಲ್ಲ ಅಂದೆ. ನಿನ್ನ ಮಗನ ಮೇಲೆ ಅಷ್ಟು ಸುಲಭವಾಗಿ ಅನುಮಾನ ಬಂದದ್ದು ಯಾಕೆ ಎಂದು ಈಗ ತಿಳಿಯುತ್ತೆ. ಅನುಮಾನ ಪಡಬೇಕಾದವನ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ.

ನಿನ್ನ ಕಾಗದ ಬಂದ ದಿನ ಕುಲುಮೆ ಹೊತ್ತಿಸಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಟೀ ಅಂಗಡಿಗೆ ಹೋಗಿ ಪುಟ್ಟಮಾದಪ್ಪನವರ ಎದುರಿಗೆ ಕೂತು ಎಲ್ಲ ಹೇಳಿದೆ. ಟಿವಿಯ ಸದ್ದು ಅವರೇ ಕಡಿಮೆ ಮಾಡಿದರು. ಬೈಯುತ್ತಾರೆ ಅಂದುಕೊಂಡಿದ್ದೆ. "ಓಗಿ ಏಳ್ಬುಡಿ ಆಚಾರ್ರೇ, ಎಣ್ಮಗ ಅವ್ಳು" ಅಂದರು. ಕೈ ಮುರಿಯುವ ಮಾತು ಎತ್ತಲಿಲ್ಲ.

ಆಮೇಲೆ ಮೂರ್ತಿಗೆ ಹೇಳಿ ಕಳಿಸಿದೆ. ನಿನ್ನೆ ಬಂದ. ಅವನ ಕಾಲು ಹಿಡಿಯಲು ಬಗ್ಗಿದರೆ, "ಏ ಬುಡು ಮಾವ, ಏನಿದು" ಎಂದು ಎತ್ತಿದ. ಇವತ್ತು ಬೆಳಿಗ್ಗೆ ಇಬ್ಬರೂ ಕುಲುಮೆ ಹೊತ್ತಿಸಿದೆವು. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ ಕಾಯಿಸಿ ಒಂದು ಮಚ್ಚು ತಟ್ಟಿದೆ, ಅವನು ಸಮ್ಮಟಿಗೆ ಹೊಡೆದ. ಎಡಗೈಗೆ ಸಾಣೆ ಹಿಡಿದೆ. ಮೂರು ಗೀರು ಆಳವಾಗಿ ಹೊಡೆದೆ, ಇದನ್ನು ಯಾವ ಅರವೂ ಅಳಿಸಲಾರದು. ಭವ್ಯಶ್ರೀಯ ಹತ್ತಿರ ಫೋನಿನಲ್ಲೇ ಮಾತಾಡಿದೆ. ಕೇಳುವವರು ಕೇಳಿಕೊಳ್ಳಲಿ. ಹೊಸದನ್ನೂ ಹಳೆಯದನ್ನೂ ಅಕ್ಕಪಕ್ಕ ಇಟ್ಟು ತೋರಿಸೋಣ, ಎಳನೀರು ತರಿಸಿ ನಿನ್ನ ಕೈಯಲ್ಲೇ ಕೆತ್ತಿಸಲು ಕೇಳಿಕೊಳ್ಳುತ್ತೇನೆ ಅಂದಳು. ಆರು ಲಾಂಗಿನ ವಿಷಯ ನೀವೇ ಎತ್ತಬೇಕಾಗಿಲ್ಲ ಮಾಮ, ಎತ್ತಿದರೆ ನಿಮ್ಮನ್ನೂ ಬಿಡುವುದಿಲ್ಲ ಅಂದಳು. ಒಳ್ಳೆಯ ಹುಡುಗಿ. ಆದರೆ ಅರ್ಧ ನಿಜ ಹೇಳಿದರೆ ನಿನ್ನದೂ ಅರ್ಧ ಸುಳ್ಳಿನ ಹಾಗೆ ಕಾಣುತ್ತೆ. ಎರಡು ಸಿಕ್ಕಿವೆ, ಇನ್ನೂ ನಾಲ್ಕು ಆ ಊರಿನ ರಸ್ತೆಯಲ್ಲಿ ಎಲ್ಲೋ ಓಡಾಡುತ್ತಿವೆ ಗೋವಿಂದಿ. ತಂದವರ ಮುಖ ನನಗೆ ನೆನಪಿದೆ. ಎಲ್ಲ ಹೇಳುತ್ತೇನೆ.

ಈ ಕಾಗದ ಅಂಚೆಗೆ ಹಾಕುತ್ತಿಲ್ಲ, ಮೂರ್ತಿಯ ಕೈಲಿ ಕೊಟ್ಟಿದ್ದೇನೆ. ಲಕೋಟೆ ಅಂಟಿಸಿಲ್ಲ, ಕೂದಲೂ ಇಟ್ಟಿಲ್ಲ. ದಾರಿಯಲ್ಲಿ ಅವನು ಓದಿಕೊಳ್ಳಲಿ.

ನಾನು ಸೋಮವಾರ ಮೊದಲ ಬಸ್ಸಿಗೆ ಹೊರಡುತ್ತೇನೆ. ಅತ್ತಿಗೆ ಬುತ್ತಿ ಕಟ್ಟುತ್ತಾಳೆ, ಬಸ್‌ಸ್ಟ್ಯಾಂಡಿಗೆ ಬರಬೇಡ. ಒಳಗೆ ಹಾಕಿದರೂ ಹಾಕಲಿ, ಎಷ್ಟು ದಿನವೋ ಗೊತ್ತಿಲ್ಲ, ಕುಲುಮೆಯ ಬೀಗದ ಕೈ ಮೂರ್ತಿಗೆ ಕೊಟ್ಟಿದ್ದೇನೆ. ಮಂಗಳವಾರ ನ್ಯಾಯಾಧೀಶರ ಮುಂದೆ ಮಚ್ಚು ಇಡು ಅನ್ನುತ್ತಾರಲ್ಲ, ಆಗ ನೀನು ನೋಡು. ಅಲಗು ನನ್ನ ಕಡೆಗೆ ಇರುತ್ತದೆ.

ನಿನ್ನ ಅಣ್ಣ
ಮಾದಸ್ವಾಮಿ